ಮಾವನ ಮಗಳು: ಒಂದು ಹಳೆಯ ವ್ಯಾಜ್ಯ

ಇಂಗ್ಲಿಷಿನ 'ಕಸಿನ್' ಎಂಬ ಮಾತಿಗೆ ಕನ್ನಡದಲ್ಲಿ ಸರಿಹೊಂದುವ ಪದವಿಲ್ಲ. ನಿಘಂಟುಕಾರರು ಏನೋ ಒಂದನ್ನು ಕಟ್ಟಿಕೊಟ್ಟಿದ್ದಾರೆ, ನಿಜ. ಆದರೆ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಚಿಕ್ಕಪ್ಪನ ಮಗ ನಮಗೆ ತಮ್ಮ, ದೊಡ್ಡಮ್ಮನ ಮಗಳು ಅಕ್ಕ. ಸೋದರಮಾವನ ಮಗನಾದರೋ ಭಾವ, ಇಲ್ಲವೆ ಮೈದುನ. ಇಂಗ್ಲಿಷಿನವನು ಒಂದೇ ಪಂಕ್ತಿಯಲ್ಲಿ ಕೂರಿಸಿದ ನಂಟರನ್ನು ಕನ್ನಡಿಗನು ಎರಡು ಪಂಕ್ತಿ ಮಾಡಿದ್ದಾನೆ: ಒಂದರಲ್ಲಿ ಒಡಹುಟ್ಟಿದವರ ಸಮಾನರು, ಇನ್ನೊಂದರಲ್ಲಿ ಮದುವೆಗೆ ಸಲ್ಲುವವರು. ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ನಮ್ಮ ಕೂಸು ಮಾತು ಕಲಿಯುವಾಗಲೇ, ಮುಂದೆ ತನಗೆ ಯಾರು ಸಲ್ಲುತ್ತಾರೆ, ಯಾರು ಸಲ್ಲುವುದಿಲ್ಲ ಎಂಬುದನ್ನೂ ಕಲಿತುಬಿಡುತ್ತದೆ. ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ ಲೋಕದ ನಾನಾ ಜನಾಂಗಗಳ ನಂಟಸ್ತಿಕೆಯ ಮಾತುಗಳನ್ನು ಕೂಡಿಹಾಕಿ 1871ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದಾಗ, ಅವನನ್ನು ಬಹುವಾಗಿ ಬೆರಗುಗೊಳಿಸಿದವುಗಳಲ್ಲಿ ದಕ್ಷಿಣ ಭಾರತದ ಈ ಏರ್ಪಾಡೂ ಒಂದು.

ತರಗತಿಯಲ್ಲಿ ಈ ಪದಗಳ ಪಾಠ ನಡೆದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನಗುತ್ತ ಕೇಳುತ್ತಿದ್ದರು. ಈಚೆಗೆ ನಗು ಕಡಿಮೆಯಾಗಿದೆ. "ಸಾರ್, ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆಯಂತೆ, ನಿಜವೆ?" ಕೇಳುವವರಲ್ಲಿ ಕೆಲವರು ತಾವೇ ಅಂಥ ಮದುವೆಯ ಮಕ್ಕಳು; ಕೆಲವರಿಗೆ ಮನೆಯಲ್ಲಿ ಅಂಥ ಮಾತುಕತೆ ನಡೆದಿರುತ್ತದೆ. ಜೀವಶಾಸ್ತ್ರದ ಅಧ್ಯಾಪಕರನ್ನು ಕೇಳಿರಯ್ಯ ಎಂದು ಜಾರಿಕೊಳ್ಳಬಹುದು. ಆದರೆ ಈ ಪ್ರಶ್ನೆಗೆ ವಿಜ್ಞಾನಕ್ಕಿಂತ ಬಹಳ ಹಳೆಯ ಚರಿತ್ರೆಯೊಂದು ಉಂಟು. ಆ ಚರಿತ್ರೆಯನ್ನು ಬಿಟ್ಟು ಬರಿಯ ಅಂಕಿಗಳನ್ನು ಹೇಳಿದರೆ, ನಮ್ಮ ಹಿರಿಯರು ತಿಳಿಗೇಡಿಗಳೆಂದೋ ಇಲ್ಲವೆ ವೈದ್ಯರು ಸುಮ್ಮನೆ ಹೆದರಿಸುತ್ತಾರೆಂದೋ ಹುಡುಗರು ತಿಳಿದುಕೊಳ್ಳುತ್ತಾರೆ. ಎರಡೂ ಸರಿಯಲ್ಲ.

ಈ ವ್ಯಾಜ್ಯದ ಮೊದಲ ದಾಖಲೆ ಬೌಧಾಯನ ಧರ್ಮಸೂತ್ರ; ಎರಡು ಸಾವಿರ ವರ್ಷಕ್ಕೂ ಹಿಂದಿನದು. ಉತ್ತರದವರಿಗೂ ದಕ್ಷಿಣದವರಿಗೂ ಐದೈದು ಆಚಾರಗಳಲ್ಲಿ ಭೇದವಿದೆಯೆಂದು ಹೇಳಿ, ದಕ್ಷಿಣದವರ ಪಟ್ಟಿಯಲ್ಲಿ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಸೂತ್ರಕಾರನು ಸೇರಿಸಿದ್ದಾನೆ. ಉತ್ತರದವರ ಪಟ್ಟಿಯೂ ಸ್ವಾರಸ್ಯವಾಗಿದೆ: ಉಣ್ಣೆಯ ವ್ಯಾಪಾರ, ಆಯುಧ ಹಿಡಿದು ಬದುಕುವುದು, ಮದ್ಯಪಾನ, ಸಮುದ್ರಯಾನ ಮೊದಲಾದುವು. ಅವರವರ ಆಚಾರ ಅವರವರ ನಾಡಿನಲ್ಲಿ ಸಲ್ಲುತ್ತದೆ, ಬೇರೆ ಕಡೆ ಮಾಡಿದರೆ ದೋಷ ಎಂಬುದು ಅಲ್ಲಿಯ ತೀರ್ಪು. ಗೌತಮನು ಇದನ್ನು ಒಪ್ಪುವುದಿಲ್ಲವೆಂದೂ ಅಲ್ಲಿಯೇ ಹೇಳಿದೆ. ಮನುಸ್ಮೃತಿಯಂತೂ ಇನ್ನೂ ಕಟು. ಅತ್ತೆಯ ಮಗಳು, ಮಾವನ ಮಗಳು, ತಾಯಿಯ ಸೋದರಿಯ ಮಗಳು ಈ ಮೂವರನ್ನೂ ಅದು ಒಂದೇ ಸಾಲಿನಲ್ಲಿಟ್ಟು, ಕೂಡಿದವನಿಗೆ ಚಾಂದ್ರಾಯಣ ವ್ರತದ ಪ್ರಾಯಶ್ಚಿತ್ತವನ್ನು ಹೇಳುತ್ತದೆ. ಮೀಮಾಂಸಕ ಕುಮಾರಿಲಭಟ್ಟನು ದಕ್ಷಿಣದವರ ಈ ಸಂಭ್ರಮವನ್ನು ತನ್ನ ತಂತ್ರವಾರ್ತಿಕದಲ್ಲಿ ಚುಚ್ಚಿ ಆಡಿದ್ದಾನೆ. ಹಾಗಾದರೆ ಅರ್ಜುನನು ಸುಭದ್ರೆಯನ್ನು ಮದುವೆಯಾದದ್ದು ಹೇಗೆ? ಆಕೆ ಸೋದರಮಾವ ವಸುದೇವನ ಮಗಳಲ್ಲವೆ? ಅದಕ್ಕೂ ಕುಮಾರಿಲನ ಬಳಿ ಉತ್ತರವಿದೆ: ಆಕೆ ವಸುದೇವನ ಸ್ವಂತ ಮಗಳೇ ಅಲ್ಲವಂತೆ! ದೊಡ್ಡ ಪಂಡಿತರು ಇಕ್ಕಟ್ಟಿಗೆ ಸಿಕ್ಕಿದಾಗ ವಂಶವೃಕ್ಷವನ್ನೇ ತಿದ್ದುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ದಕ್ಷಿಣದ ಪಕ್ಷವನ್ನು ವಹಿಸಿ ವಾದಿಸಿದವರಲ್ಲಿ ಸ್ಮೃತಿಚಂದ್ರಿಕೆಯ ದೇವಣ್ಣಭಟ್ಟನೂ, ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಪರಾಶರಸ್ಮೃತಿಗೆ ವ್ಯಾಖ್ಯಾನ ಬರೆದ ಮಾಧವಾಚಾರ್ಯನೂ ಮುಖ್ಯರು. ಅವರ ವಾದವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಕನ್ಯಾದಾನವಾದ ಮೇಲೆ ಹೆಣ್ಣು ಗಂಡನ ಗೋತ್ರಕ್ಕೆ, ಗಂಡನ ಪಿಂಡಕ್ಕೆ ಸೇರಿಹೋಗುತ್ತಾಳೆ, ತವರಿನೊಡನೆ ಆಕೆಯ ಸಾಪಿಂಡ್ಯ ಹರಿಯುತ್ತದೆ, ಆದ್ದರಿಂದ ಆಕೆಯ ಮಗನಿಗೂ ಆಕೆಯ ಅಣ್ಣನ ಮಗಳಿಗೂ ಸಾಪಿಂಡ್ಯವಿಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ನಮ್ಮ ಹಳ್ಳಿಯ ಗಾದೆಯನ್ನೇ ಸಂಸ್ಕೃತದಲ್ಲಿ ಶಾಸ್ತ್ರವಾಗಿ ಮಾಡಿದಂತಿದೆ. ಇದರಲ್ಲಿ ಒಂದು ವಿನೋದವುಂಟು. ಹೆಣ್ಣು ತವರಿಗೆ ಹೊರಗಾದಳೆಂದು ಸಾಧಿಸಿ, ಆ ಸಾಧನೆಯ ಬಲದಿಂದಲೇ ಆಕೆಯ ತವರಿನ ಹುಡುಗಿಯನ್ನು ಆಕೆಯ ಮನೆಗೆ ಸೊಸೆಯಾಗಿ ತರುವುದು!

ಈ ಪಂಡಿತರ ನಡುವೆ ನನ್ನನ್ನು ಹಿಡಿದು ನಿಲ್ಲಿಸುವವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅವನು ಮಿತಾಕ್ಷರವನ್ನು ಬರೆದ ಊರು. 'ಪಿಂಡ' ಎಂದರೆ ಶ್ರಾದ್ಧದ ಅನ್ನದ ಉಂಡೆ, ಅದನ್ನು ಹಂಚಿಕೊಳ್ಳುವವರು ಸಪಿಂಡರು ಎಂಬ ಅರ್ಥವನ್ನು ವಿಜ್ಞಾನೇಶ್ವರನು ಕೈಬಿಟ್ಟನು. ಪಿಂಡವೆಂದರೆ ದೇಹ, ಒಂದೇ ದೇಹದ ಅವಯವಗಳು ಯಾರಲ್ಲಿ ಹರಿದುಬಂದಿವೆಯೋ ಅವರು ಸಪಿಂಡರು. ತಂದೆಯ ದೇಹದ ಅಂಶ ಮಗನಲ್ಲಿದೆ. ತಂದೆಯ ಮೂಲಕ ಅಜ್ಜನದು, ತಾಯಿಯ ಮೂಲಕ ತಾಯಿಯ ತಂದೆಯದು. ಹೀಗೆ ಹೇಳುತ್ತ ಹೋದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಸಪಿಂಡರಾಗಿಬಿಡುತ್ತಾರಲ್ಲ ಎಂಬ ಆಕ್ಷೇಪ ಅವನಿಗೇ ಹೊಳೆಯುತ್ತದೆ; ಅದಕ್ಕಾಗಿಯೇ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆ ಎಂಬ ಎಲ್ಲೆ ಇರುವುದು ಎನ್ನುತ್ತಾನೆ. ಸೂಕ್ಷ್ಮದರ್ಶಕವಿಲ್ಲದೆ, ಬರಿಯ ತರ್ಕದಿಂದ, ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಕುಳಿತ ಒಬ್ಬ ನ್ಯಾಯಶಾಸ್ತ್ರಜ್ಞನು ನಂಟಸ್ತಿಕೆಯನ್ನು ಹೆಸರಿನಿಂದ ಬಿಡಿಸಿ ದೇಹಕ್ಕೆ ಕಟ್ಟಿದನು. ಹೆಣ್ಣಿನ ಗೋತ್ರ ಬದಲಾಯಿಸಬಹುದು, ದೇಹ ಬದಲಾಗದು. ವಿಜ್ಞಾನೇಶ್ವರನ ಲೆಕ್ಕದಲ್ಲಿ ಮಾವನ ಮಗಳು ತೀರ ಹತ್ತಿರದವಳು.

ಆದರೆ ನಾಡು ಅವನ ಮಾತನ್ನು ಆಸ್ತಿಯ ಹಂಚಿಕೆಗೆ ಹಿಡಿಯಿತೇ ಹೊರತು ಮದುವೆಗೆ ಹಿಡಿಯಲಿಲ್ಲ. ಅರಮನೆಗಳಲ್ಲಿ ನಡೆಯುತ್ತಿದ್ದುದೇ ಬೇರೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ಚೇದಿಯ ಕಲಚುರಿ ದೊರೆ ಕೊಕ್ಕಲ್ಲನ ಮಗಳನ್ನು ತಂದುಕೊಂಡನು. ಅವರ ಮಗ ಜಗತ್ತುಂಗನು ಕೊಕ್ಕಲ್ಲನ ಮಗನ ಮಗಳು ಲಕ್ಷ್ಮಿಯನ್ನು, ಎಂದರೆ ತನ್ನ ಸೋದರಮಾವನ ಮಗಳನ್ನು, ವರಿಸಿದನು. ಇವರ ಮಗ ಮುಮ್ಮಡಿ ಇಂದ್ರನಿಗೂ ಅದೇ ಕೊಕ್ಕಲ್ಲನ ಮರಿಮೊಮ್ಮಗಳು ವಿಜಾಂಬೆಯೇ ರಾಣಿ. ಚೋಳರಿಗೂ ವೆಂಗಿಯ ಚಾಲುಕ್ಯರಿಗೂ ನಡೆದ ಕೊಳುಕೊಡೆ ಇದಕ್ಕಿಂತ ಸ್ಪಷ್ಟವಾದುದು. ರಾಜರಾಜ ಚೋಳನ ಮಗಳು ಕುಂದವೈ ವೆಂಗಿಯ ವಿಮಲಾದಿತ್ಯನನ್ನು ಸೇರಿದಳು. ಆಕೆಯ ಮಗ ರಾಜರಾಜನರೇಂದ್ರನು ಸೋದರಮಾವ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು ಮದುವೆಯಾದನು. ಇವರ ಮಗನು ಮತ್ತೆ ತನ್ನ ಸೋದರಮಾವ ಇಮ್ಮಡಿ ರಾಜೇಂದ್ರನ ಮಗಳು ಮಧುರಾಂತಕಿಯನ್ನು. ಈ ಮೊಮ್ಮಗನೇ 1070ರಲ್ಲಿ ತಾಯಿಯ ತವರಿನ ಸಿಂಹಾಸನವನ್ನೇರಿ ಕುಲೋತ್ತುಂಗ ಚೋಳನಾದವನು. ಮೂರು ತಲೆ ಕೊಟ್ಟುತಂದುದರ ಫಲವಾಗಿ ಎರಡು ರಾಜ್ಯಗಳು ಒಂದಾದುವು. ಸೋದರಿಕೆಯ ಮಗನಾದ ಕುಲೋತ್ತುಂಗನು ಅರ್ಧ ಶತಮಾನದಷ್ಟು ಕಾಲ ಆಳಿದನೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಲ್ಲವಾದರೆ ಹತ್ತಿರದ ಸಂಬಂಧದಲ್ಲಿ ಹುಟ್ಟಿದವರೆಲ್ಲ ರೋಗಿಷ್ಠರೆಂಬ ಭ್ರಮೆ ಉಳಿದುಬಿಟ್ಟೀತು.

ರಾಜರಿಗೆ ರಾಜ್ಯ, ಒಕ್ಕಲಿಗೆ ಹೊಲ. ಎರಡು ಎಕರೆ ಗದ್ದೆ ಹೊರಗಿನವರ ಪಾಲಾಗದಿರಲಿ ಎಂಬುದು ಒಂದು ಕಾರಣ. ಅದೊಂದೇ ಎಂದು ಹೇಳುವ ವಿದ್ವಾಂಸರೊಡನೆ ನನ್ನ ಒಪ್ಪಿಗೆ ಇಲ್ಲ. ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಕಂಡರಿಯದ ಊರಿಗೆ ಗಾಡಿ ಹತ್ತಿಸುವ ತಾಯಿಗೆ, ಆ ಊರು ತನ್ನ ತಮ್ಮನ ಊರೇ ಆದರೆ ಎಷ್ಟು ಧೈರ್ಯ! ಅತ್ತೆಯ ಮನೆಯ ನೀರಿನ ಬಾವಿ ಎಲ್ಲಿದೆ, ಮಾವನ ಸಿಟ್ಟು ಎಷ್ಟು ಹೊತ್ತು ಇರುತ್ತದೆ ಎಂಬುದೆಲ್ಲ ಹುಡುಗಿಗೆ ಮೊದಲೇ ಗೊತ್ತು. ವರದಕ್ಷಿಣೆಯ ಕಾಟ ಕಡಿಮೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮದುವೆ ಕೆಟ್ಟರೆ ಆ ಹುಡುಗಿಗೆ ಓಡಿಬರಲು ಬೇರೆ ತವರಿಲ್ಲ. ಅತ್ತೆಯ ಮೇಲೆ ದೂರು ಹೇಳಿದರೆ ಅದು ಅಪ್ಪನ ಅಕ್ಕನ ಮೇಲಿನ ದೂರು. ಅಕ್ಕನ ಮಗಳನ್ನೇ ಸೋದರಮಾವನಿಗೆ ಕೊಡುವಲ್ಲಿ, ಎತ್ತಿ ಆಡಿಸಿದವನಿಗೇ ಹೆಂಡತಿಯಾಗು ಎನ್ನುವಲ್ಲಿ, ಒಲ್ಲೆನೆಂದು ಹೇಳುವ ಬಾಯಿ ಎಷ್ಟು ಹುಡುಗಿಯರಿಗೆ ಇತ್ತು? ಬೌಧಾಯನನಿಂದ ಮಾಧವನವರೆಗೆ ಇಷ್ಟು ವಾದವಾಯಿತಲ್ಲ, ಅದರಲ್ಲಿ ಹುಡುಗಿಯ ಇಷ್ಟವೇನು ಎಂಬ ಪ್ರಶ್ನೆ ವಾದದ ಅಂಗವಾಗಲೇ ಇಲ್ಲ.

ಇನ್ನು ಮಕ್ಕಳ ಮಾತು. ಇದರ ಚರಿತ್ರೆಗಾಗಿ ನಾವು ಇಂಗ್ಲೆಂಡಿಗೆ ಹೋಗಬೇಕು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಎಮ್ಮಾ ವೆಡ್ಜ್‌ವುಡ್‌ಳನ್ನು ಮದುವೆಯಾದನು. ಆಕೆ ಅವನ ಸೋದರಮಾವನ ಮಗಳು. ನಮ್ಮ ಮಾತಿನಲ್ಲಿ ಅಪ್ಪಟ ಸೋದರಿಕೆ. ಹತ್ತು ಮಕ್ಕಳಾದರು, ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಹತ್ತು ವರ್ಷದ ಆನಿ 1851ರಲ್ಲಿ ಸತ್ತ ಮೇಲೆ ಡಾರ್ವಿನ್ನನ ಮನಸ್ಸು ಮೊದಲಿನಂತಾಗಲಿಲ್ಲ. ಒಂದೇ ಗಿಡದ ಪರಾಗದಿಂದ ಹುಟ್ಟಿದ ಸಸಿಗಳು ಸೊರಗುವುದನ್ನು ತನ್ನ ಹೂದೋಟದಲ್ಲಿ ಕಣ್ಣಾರೆ ಕಾಣುತ್ತಿದ್ದವನಿಗೆ ತನ್ನ ಮಕ್ಕಳ ಕಾಯಿಲೆಯೂ ಅದೇ ಬಗೆಯದೋ ಎಂಬ ಸಂಶಯ ಹತ್ತಿಕೊಂಡಿತು. 1871ರ ಜನಗಣತಿಯಲ್ಲಿ ಗಂಡಹೆಂಡಿರು ಇಂಥ ನಂಟರೇ ಎಂಬ ಪ್ರಶ್ನೆಯನ್ನು ಸೇರಿಸಬೇಕೆಂದು ಗೆಳೆಯ ಜಾನ್ ಲಬ್ಬಕ್‌ನ ಮೂಲಕ ಪಾರ್ಲಿಮೆಂಟಿನಲ್ಲಿ ಪ್ರಯತ್ನಿಸಿದನು, ಸಭೆ ಒಪ್ಪಲಿಲ್ಲ. ಕೊನೆಗೆ ಮಗ ಜಾರ್ಜ್ ತಾನೇ ಲೆಕ್ಕ ಹಾಕಲು ಕುಳಿತು, ಹುಚ್ಚಾಸ್ಪತ್ರೆಗಳಿಂದ ಅಂಕಿ ತರಿಸಿ, 1875ರಲ್ಲಿ ಅಪಾಯವೇನೂ ಜನ ಹೆದರುವಷ್ಟಿಲ್ಲ ಎಂದು ಬರೆದನು. ಈ ಹೊತ್ತಿಗಾಗಲೇ ಅಮೆರಿಕದ ಕ್ಯಾನ್ಸಾಸ್ ಸೀಮೆಯಲ್ಲಿ ಇಂಥ ಮದುವೆಯನ್ನು ಕಾನೂನಿನಿಂದ ನಿಷೇಧಿಸಿದ್ದರು. ಲೆಕ್ಕ ಸಿಗುವ ಮೊದಲೇ ಶಿಕ್ಷೆ!

ನಿಜವಾದ ಉತ್ತರದ ಎಳೆ ಸಿಕ್ಕಿದ್ದು 1902ರಲ್ಲಿ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಅಪರೂಪದ ಒಂದು ವ್ಯಾಧಿಯನ್ನು ಪರಿಶೀಲಿಸುತ್ತ, ಆ ಮಕ್ಕಳ ತಂದೆತಾಯಿಗಳಲ್ಲಿ ಹತ್ತಿರದ ನಂಟರು ವಿಶೇಷವಾಗಿರುವುದನ್ನು ಗಮನಿಸಿದನು. ಮೆಂಡಲನು ಬಟಾಣಿ ಗಿಡಗಳಲ್ಲಿ ಕಂಡ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆಂಬುದಕ್ಕೆ ಮೊದಲ ಸಾಕ್ಷ್ಯ ಒದಗಿದ್ದು ಹೀಗೆ.

ಆ ನಿಯಮವನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಹಳೆಯ ಕಾವ್ಯವನ್ನು ಸಂಪಾದಿಸುವವನ ಮುಂದೆ ಎರಡು ಓಲೆಯ ಪ್ರತಿಗಳಿವೆ ಎನ್ನಿ. ಒಂದರಲ್ಲಿ ಲಿಪಿಕಾರನು ಕೈತಪ್ಪಿ ಒಂದು ಪದ ಬಿಟ್ಟಿದ್ದರೆ ಇನ್ನೊಂದರಿಂದ ತುಂಬಿಕೊಳ್ಳುತ್ತಾನೆ. ಎರಡೂ ಬೇರೆ ಬೇರೆ ಊರಿನ, ಬೇರೆ ಬೇರೆ ಮೂಲದ ಪ್ರತಿಗಳಾದರೆ ಒಂದೇ ತಪ್ಪು ಎರಡರಲ್ಲೂ ಇರುವುದು ಅಪರೂಪ. ಆದರೆ ಎರಡನ್ನೂ ಒಂದೇ ಮಠದ ಒಂದೇ ಪ್ರತಿಯಿಂದ ನಕಲು ಮಾಡಿದ್ದರೆ? ಮೂಲದ ತಪ್ಪು ಎರಡಕ್ಕೂ ಇಳಿದಿರಬಹುದು, ತಿದ್ದಲು ಆಧಾರವೇ ಇರುವುದಿಲ್ಲ. ನಮ್ಮ ದೇಹದ ಬರಹವೂ ಎರಡು ಪ್ರತಿ. ಒಂದು ತಾಯಿಯಿಂದ, ಒಂದು ತಂದೆಯಿಂದ. ತಪ್ಪಿಲ್ಲದ ಪ್ರತಿ ಯಾರಲ್ಲಿಯೂ ಇಲ್ಲ. ಮಾವನ ಮಗಳನ್ನು ಮದುವೆಯಾದಲ್ಲಿ, ಕೂಸಿನಲ್ಲಿ ಯಾವುದೇ ಒಂದು ಕಡೆ ಎರಡು ಪ್ರತಿಗಳೂ ಒಬ್ಬನೇ ಹಿರಿಯನ ಒಂದೇ ಬರಹದ ನಕಲಾಗಿರುವ ಸಂಭವ ಹದಿನಾರರಲ್ಲಿ ಒಂದು; ಅಕ್ಕನ ಮಗಳನ್ನು ಮದುವೆಯಾದಲ್ಲಿ ಎಂಟರಲ್ಲಿ ಒಂದು. ಅಜ್ಜನ ಕಾಲದಿಂದಲೂ ಹೀಗೆಯೇ ನಡೆದಿದ್ದರೆ ಇನ್ನೂ ಹೆಚ್ಚು. ಕೂಸಿನ ದೇಹಕ್ಕೆ ಭಾವ ಯಾರು, ಅಣ್ಣ ಯಾರು ಎಂಬುದು ತಿಳಿಯದು. ಮಾವನ ಮಗಳಾಗಲಿ ಚಿಕ್ಕಪ್ಪನ ಮಗಳಾಗಲಿ ಲೆಕ್ಕ ಒಂದೇ. ನಮ್ಮ ಭಾಷೆ ಅಷ್ಟು ಜತನದಿಂದ ಮಾಡಿದ ಎರಡು ಪಂಕ್ತಿಗಳು ಇಲ್ಲಿ ಅಳಿಸಿಹೋಗುತ್ತವೆ.

ಹಾಗಾದರೆ ಅಪಾಯ ಎಷ್ಟು? ನಂಟರಲ್ಲದವರಿಗೆ ಹುಟ್ಟುವ ಮಕ್ಕಳಲ್ಲಿಯೂ ನೂರಕ್ಕೆ ಎರಡು ಮೂರು ಕೂಸುಗಳಿಗೆ ಹುಟ್ಟಿನಿಂದ ಬಂದ ಗಂಭೀರ ದೋಷವಿರುತ್ತದೆ. ಮಾವನ ಮಗಳು ಅತ್ತೆಯ ಮಗನಿಗೆ ಇದರ ಮೇಲೆ ಇನ್ನೂ ಎರಡರಿಂದ ಮೂರು ಸೇರುತ್ತದೆಂದು ತಜ್ಞರ ಅಂದಾಜು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ 11,000ಕ್ಕೂ ಹೆಚ್ಚು ಕೂಸುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕವೂ ಹೀಗೆಯೇ: ಮೂರು ಇದ್ದದ್ದು ಆರಾಗುತ್ತದೆ. ಎಂದರೆ ನೂರರಲ್ಲಿ ತೊಂಬತ್ತನಾಲ್ಕು ಕೂಸುಗಳಿಗೆ ಅಂಥ ದೋಷವಿಲ್ಲ. ಬಿಳಿಯ ಜನರಲ್ಲಿ ಮೂವತ್ತನಾಲ್ಕು ದಾಟಿದ ತಾಯಂದಿರ ಮಕ್ಕಳಿಗೂ ಅಪಾಯ ಇಮ್ಮಡಿಯಾಗುವುದನ್ನು ಅದೇ ಲೆಕ್ಕ ತೋರಿಸಿತು. ತಡವಾಗಿ ತಾಯಾಗುವವರನ್ನು ನಾವು ಅನಾಗರಿಕರೆಂದು ಕರೆಯುವುದಿಲ್ಲ.

ನಮ್ಮ ಕಡೆಯ ಅಧ್ಯಯನವೂ ಸಣ್ಣದಲ್ಲ. 1957ರಲ್ಲಿ ಕಲ್ಕತ್ತೆಗೆ ಬಂದು ನೆಲಸಿದ ಜೆ. ಬಿ. ಎಸ್. ಹಾಲ್ಡೇನರ ಪ್ರೇರಣೆಯಿಂದ ಕೃಷ್ಣ ದ್ರೋಣಂರಾಜು ಆಂಧ್ರದಲ್ಲಿ ಇಂಥ ಮದುವೆಗಳನ್ನು ಪರಿಶೀಲಿಸಿದರು. ಸಾವಿರಾರು ವರ್ಷ ಹೀಗೆಯೇ ನಡೆದುದರಿಂದ ಕೇಡಿನ ಬೀಜಗಳು ಸತ್ತು ತೊಳೆದುಹೋಗಿರಬೇಕು ಎಂಬ ಊಹೆಯನ್ನು ಎಲ್. ಡಿ. ಸಾಂಘ್ವಿ 1966ರಲ್ಲಿ ಮುಂದಿಟ್ಟರು. ತಮಿಳುನಾಡಿನಲ್ಲಿ ಸುಂದರ ರಾವ್ ಮತ್ತು ಇನ್ಬರಾಜ್ ನಡೆಸಿದ ಪರಿಶೀಲನೆಗಳಲ್ಲಿ ದುಷ್ಪರಿಣಾಮ ಹೆಚ್ಚಾಗಿ ಕಾಣಲಿಲ್ಲವೆಂಬುದು ಈ ಊಹೆಗೆ ಬಲ ಕೊಟ್ಟಿತು. ಆದರೆ ತೊಳೆದುಹೋಗುವುದು ಕೂಸನ್ನು ಬೇಗ ಕೊಲ್ಲುವ ದೋಷ ಮಾತ್ರ. ಹುಟ್ಟುಕಿವುಡು, ಕ್ರಮೇಣ ಕಣ್ಣು ಮಂಜಾಗುವುದು, ಇಂಥವು ಕೊಲ್ಲುವುದಿಲ್ಲ. ಬದುಕಿಸಿಯೇ ಕಾಡುತ್ತವೆ, ಉಳಿದು ಮುಂದಕ್ಕೆ ಹರಿಯುತ್ತವೆ. 'ತೊಳೆದುಹೋಗುವುದು' ಎಂಬ ಮಾತಿನ ಅರ್ಥವಾದರೂ ಏನು? ಅಷ್ಟು ಕೂಸುಗಳು ಸತ್ತುವು ಎಂದು ತಾನೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಎ. ಎಚ್. ಬಿಟ್ಲ್ಸ್ 1980ರಿಂದ 1989ರವರೆಗೆ ಕರ್ನಾಟಕದಲ್ಲಿ ಲಕ್ಷಕ್ಕೂ ಮಿಕ್ಕ ದಂಪತಿಗಳನ್ನು ಎಣಿಸಿದಾಗ, ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳು. ಹಿಂದೂಗಳಲ್ಲಿ ಹೆಚ್ಚು, ಮುಸಲ್ಮಾನ ಕ್ರೈಸ್ತರಲ್ಲಿಯೂ ಇಲ್ಲದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ನೂರಕ್ಕೆ 27ರಷ್ಟು. ಇಡೀ ದೇಶದ್ದು 11.

ಕಾನೂನು ಜಾಣತನದಿಂದ ಪಕ್ಕಕ್ಕೆ ಸರಿದಿದೆ. 1955ರ ಹಿಂದೂ ವಿವಾಹ ಕಾಯಿದೆಯು ಅಣ್ಣತಂಗಿಯರ ಮಕ್ಕಳ ಮದುವೆಯನ್ನೂ ಸೋದರಮಾವನೊಡನೆ ಮದುವೆಯನ್ನೂ ನಿಷೇಧಿಸಿ, ರೂಢಿಯಿದ್ದರೆ ಸಲ್ಲುತ್ತದೆ ಎಂದು ಬಾಗಿಲು ತೆರೆದಿಟ್ಟಿತು. 1954ರ ವಿಶೇಷ ವಿವಾಹ ಕಾಯಿದೆಗೂ 1963ರಲ್ಲಿ ಅದೇ ಬಾಗಿಲನ್ನು ಇಟ್ಟರು. ಬೌಧಾಯನನ ತೀರ್ಪನ್ನೇ ಪಾರ್ಲಿಮೆಂಟು ಮತ್ತೆ ಬರೆಯಿತು ಎನ್ನಬೇಕು. ಅದು ತಪ್ಪೆಂದು ನನಗೆ ತೋರುವುದಿಲ್ಲ. ಒಲಿದು ಒಪ್ಪಿದ ಇಬ್ಬರನ್ನು ನೂರಕ್ಕೆ ಮೂರರ ಅಪಾಯದ ಹೆಸರಿನಲ್ಲಿ ಪೊಲೀಸರು ತಡೆಯುವುದಾದರೆ, ನಾಳೆ ಯಾರು ಯಾರನ್ನು ತಡೆಯುತ್ತಾರೋ! ನನಗೆ ಅಧರ್ಮವೆಂದು ಕಾಣುವುದು ಬೇರೆ ಎರಡು. ಮೊದಲ ಕೂಸು ಕಿವುಡಾಗಿ ಹುಟ್ಟಿದ ಮನೆಯಲ್ಲಿಯೇ, ಅದು ಗೊತ್ತಿದ್ದೂ, ಹುಡುಗ ಹುಡುಗಿಗೆ ಒಂದು ಮಾತು ತಿಳಿಸದೆ ಇನ್ನೊಂದು ಸೋದರಿಕೆಯನ್ನು ಕಟ್ಟುವುದು ಒಂದು. ಆಮೇಲೆ ತೊಂದರೆಯಾದರೆ, ಎರಡು ಪ್ರತಿಗಳಲ್ಲಿ ಒಂದು ತಂದೆಯದೆಂಬುದನ್ನು ಮರೆತು, ತಾಯಿಯ ಹೊಟ್ಟೆಯನ್ನೇ ದೂರುವುದು ಇನ್ನೊಂದು. ಜಾತಕ ತೋರಿಸಲು ಹೋಗುವವರು ವಂಶವಾಹಿ ತಜ್ಞರ ಬಳಿಗೂ ಒಮ್ಮೆ ಹೋಗಿಬರಬಹುದು. ಅವರು ಮೊದಲು ಕೇಳುವುದು ರಕ್ತವನ್ನಲ್ಲ, ಮೂರು ತಲೆಮಾರಿನ ವಂಶವೃಕ್ಷವನ್ನು. ಅದರಲ್ಲಿ ಹೆಂಗಸರಿರಬೇಕು, ಹುಟ್ಟಿ ಸತ್ತ ಕೂಸುಗಳಿರಬೇಕು.

ನಮ್ಮ ಮನೆಯಲ್ಲಿಯೂ ಒಂದು ವಂಶವೃಕ್ಷವುಂಟು. ದೊಡ್ಡಪ್ಪನವರು ಅಂದವಾದ ಅಕ್ಷರದಲ್ಲಿ ಬರೆದದ್ದು. ಶಾಸನಗಳ ವಂಶಾವಳಿಯಂತೆ ಅದರಲ್ಲಿ ಗಂಡಸರ ಹೆಸರುಗಳೇ. ನನ್ನ ಅಜ್ಜಿಯನ್ನು ಹದಿಮೂರನೆಯ ವಯಸ್ಸಿನಲ್ಲಿ ಸೋದರಮಾವನಿಗೆ ಕೊಟ್ಟಿದ್ದರು. ವೃಕ್ಷದಲ್ಲಿ ಆಕೆಯ ಹೊಟ್ಟೆಯ ನಾಲ್ಕು ಕೊಂಬೆಗಳಿವೆ. ಎಂ. ಎ. ಓದುತ್ತಿದ್ದಾಗ ಒಂದು ಬೇಸಗೆಯಲ್ಲಿ ಆಕೆಯನ್ನು ಕೇಳಿದೆ. ಅವರೆಕಾಳು ಸುಲಿಯುತ್ತಿದ್ದವಳು ಬೆರಳು ಮಡಿಸಿ ಏಳು ಎಂದಳು. ಉಳಿದ ಮೂವರಲ್ಲಿ ಒಬ್ಬಳು ಎರಡು ವರ್ಷ ಬದುಕಿದ್ದಳು, ಕರೆದರೆ ತಿರುಗುತ್ತಿರಲಿಲ್ಲ, ತಟ್ಟೆ ಬಿದ್ದರೂ ಬೆಚ್ಚುತ್ತಿರಲಿಲ್ಲ ಎಂದಳು. ಅದು ಸೋದರಿಕೆಯ ಫಲವೆಂದು ಹೇಳಲು ನನಗೆ ಆಧಾರವಿಲ್ಲ. ಆ ಕಾಲದಲ್ಲಿ ಯಾವ ಮನೆಯಲ್ಲಿ ಕೂಸುಗಳು ಸಾಯುತ್ತಿರಲಿಲ್ಲ? ಹೆಸರೇನು ಅಜ್ಜಿ ಎಂದು ಕೇಳಿದೆ. ಪುಟ್ಟತಾಯಿ ಎಂದಳು. ದೊಡ್ಡಪ್ಪನವರ ವೃಕ್ಷದಲ್ಲಿ ಎರಡನೆಯ ಕೊಂಬೆಗೂ ಮೂರನೆಯದಕ್ಕೂ ನಡುವೆ ಸ್ವಲ್ಪ ಜಾಗವಿತ್ತು. ಅಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.